ತಮಟೆ ಯಾರ ಮಾತಿಗೆ ಬಡಿಯಬೇಕು?

(ದಿಬ್ಬೂರಹಳ್ಳಿಯ ಸಭೆಯಲ್ಲಿ ಆಡಿದ ಮಾತುಗಳು. ಕೇಳಿದವರು ಬರಹದಲ್ಲಿ ಬೇಕು ಅಂದದ್ದರಿಂದ ಇಲ್ಲಿ ಕೊಟ್ಟಿದ್ದೇವೆ.)



ಈ ಸಭೆಗೆ ಮುಂಚೆ ನಾಲ್ಕಾರು ಕೇರಿಗಳಲ್ಲಿ ಕೂತು ಮಾತಾಡಿದೆವು. ಎಲ್ಲ ಕಡೆ ಒಂದೇ ಪ್ರಶ್ನೆ ಎರಡು ಥರ ಬಂತು. ಓದಿದ ಹುಡುಗರು ಕೇಳಿದರು: "ಅಣ್ಣಾ, ಇನ್ನೂ ಎಷ್ಟು ದಿನ ಈ ತಮಟೆ? ಇದನ್ನ ಪಾಳುಬಾವಿಗೆ ಎಸೆದ ದಿನವೇ ಅಲ್ಲವಾ ನಾವು ಮನುಷ್ಯರಾಗೋದು?" ಅದೇ ಕೇರಿಯ ಹಿರಿಯರು ಕೇಳಿದರು: "ಎಸೆದ ಮೇಲೆ ನಮ್ಮ ಕೈಲಿ ಇನ್ನೇನಪ್ಪ ಉಳೀತದೆ?" ಇಬ್ಬರೂ ಸಿಟ್ಟಲ್ಲಿ ಕೇಳಿದ್ದಲ್ಲ, ನೋವಲ್ಲಿ ಕೇಳಿದ್ದು. ಅದಕ್ಕೇ ಇವತ್ತು ಭಾಷಣ ಬಿಟ್ಟು ತಮಟೆ ಬಗ್ಗೆಯೇ ಮಾತಾಡೋಣ ಅಂತ ಬಂದಿದ್ದೇವೆ. ಹಾಡೋದು, ಬಡಿಯೋದು, ಕುಣಿಯೋದು ಇವು ಬರೀ ಮೋಜಿನ ಮಾತಲ್ಲ. ಯಾರು ಯಾರಿಗೆ ಬಡಿಯಬೇಕು, ಯಾರು ಕೂತು ಕೇಳಬೇಕು, ಯಾರು ನಿಂತು ಬಡಿಯಬೇಕು ಅನ್ನೋದರಲ್ಲಿ ಒಂದು ಊರಿನ ಪೂರ್ತಿ ನೀತಿ ಅಡಗಿ ಕೂತಿರ್ತದೆ.

ಮೊದಲು ತಮಟೆಯನ್ನೇ ನೋಡೋಣ. ಒಂದು ಮರದ ಬಳೆ, ಇಲ್ಲವೇ ಕಬ್ಬಿಣದ ಬಳೆ. ಅದರ ಮೇಲೆ ಬಿಗಿದ ತೊಗಲು. ಬಲಗೈಗೆ ಒಂದು ಗಿಡ್ಡ ಕೋಲು, ಎಡಗೈಗೆ ಒಂದು ತೆಳ್ಳಗಿನ ಬಿದಿರು ಕಡ್ಡಿ. ಇಷ್ಟೇ. ಗಡಿ ದಾಟಿ ಆಂಧ್ರಕ್ಕೆ ಹೋದರೆ ಇದನ್ನೇ ಡಪ್ಪು, ಪಲಕ ಅಂತಾರೆ, ತಮಿಳುನಾಡಿನಲ್ಲಿ ಪರೈ, ಉತ್ತರ ಕರ್ನಾಟಕದಲ್ಲಿ ಹಲಗೆ. ನಮ್ಮ ಕಡೆ ಅರ್ಧ ತೆಲುಗು ಅರ್ಧ ಕನ್ನಡ ಆಡೋ ಊರುಗಳಲ್ಲಿ ಒಂದೇ ಮನೇಲಿ ಇದಕ್ಕೆ ಎರಡು ಹೆಸರು. ಸತ್ತ ದನವನ್ನು ಹೊತ್ತವರು ನಾವು, ತೊಗಲು ಸುಲಿದವರು ನಾವು, ಹದ ಮಾಡಿದವರು ನಾವು, ಬಿಗಿದವರು ನಾವು, ಬಡಿದವರು ನಾವು. ಸದ್ದು ಮಾತ್ರ ಊರಿನದು! ಆ ಸದ್ದು ಗುಡಿಯೊಳಕ್ಕೆ ಹೋಗ್ತದೆ, ಬಡಿಯೋನು ಹೋಗೋ ಹಾಗಿಲ್ಲ. ತೊಗಲು ಮೈಲಿಗೆ, ತೊಗಲಿನ ಸದ್ದು ಮಡಿ. ಇದು ಯಾವ ಶಾಸ್ತ್ರದ ಲೆಕ್ಕವೋ ನಮಗೆ ಇನ್ನೂ ಯಾರೂ ಬಿಡಿಸಿ ಹೇಳಿಲ್ಲ.

ತಮಟೆ ಬಡಿಯೋಕೆ ಮುಂಚೆ ಬೆಂಕಿಗೆ ಹಿಡಿಯಬೇಕು. ಒಂದು ಹಿಡಿ ಒಣಹುಲ್ಲು ಹಚ್ಚಿ, ತೊಗಲು ಸುಡದ ಹಾಗೆ, ಆದರೆ ಬಿಸಿ ಏರೋ ಹಾಗೆ ತಿರುಗಿಸಬೇಕು. ಎಷ್ಟು ಹೊತ್ತು ಅಂತ ಗಡಿಯಾರ ನೋಡಿ ಹೇಳೋಕಾಗಲ್ಲ. ಬೆರಳಲ್ಲಿ ತಟ್ಟಿ ಕಿವಿ ಕೊಡಬೇಕು. ಈಗ ಫೈಬರ್ ಹಾಳೆಯ ತಮಟೆ ಬಂದಿದೆ, ಮಳೆಗೂ ಇಳಿಯಲ್ಲ, ಬೆಂಕಿಯೂ ಬೇಡ. ಹಗುರ, ಅನುಕೂಲ, ಬೇಡ ಅನ್ನೋಕೆ ನಾವ್ಯಾರು? ಆದರೆ ಬೆಂಕಿ ಸುತ್ತ ಕೂತು ಒಬ್ಬರ ತಮಟೆ ಇನ್ನೊಬ್ಬರು ತಟ್ಟಿ ನೋಡಿ "ಇನ್ನೊಂಚೂರು ಕಾಯಿಸು ಮಾವ" ಅನ್ನೋ ಹೊತ್ತು ಅದರ ಜೊತೆಗೇ ಹೋಯಿತು. ಆ ಹೊತ್ತಲ್ಲೇ ಹುಡುಗರು ಕಲೀತಿದ್ದದ್ದು.

ಇನ್ನು ಬಡಿತ. ಎಂಟು ಹತ್ತು ಜನ ನಿಂತರೆ ಎಲ್ಲರೂ ಒಂದೇ ಥರ ಬಡಿಯಲ್ಲ. ಕೆಲವರು ಒಂದೇ ಬಡಿತವನ್ನು ಬಿಡದೆ ಹಿಡಿದಿರ್ತಾರೆ. ಮುಂದಾಳು ಅದರ ಮೇಲೆ ಮಾತು ಕಟ್ತಾನೆ. ಅವನು ಎಷ್ಟೇ ಚತುರನಾಗಿರಲಿ, ಹಿಂದಿನವರು ಕೈಬಿಟ್ಟರೆ ಅವನದು ಬರೀ ಗದ್ದಲ. ಹಿಂದೆ ಹಿಡಿದಿರೋನು ತನ್ನದೇ ದೊಡ್ಡದು ಅಂತ ನುಗ್ಗಿದರೂ ಕೆಟ್ಟಿತು. ಒಳ್ಳೇ ಬಡಿತಗಾರ ಯಾರು ಅಂತ ಹಿರಿಯರನ್ನು ಕೇಳಿ ನೋಡಿ. ಜೋರಾಗಿ ಬಡಿಯೋನು ಅನ್ನಲ್ಲ. "ಎಲ್ಲಿ ಬಿಡಬೇಕು ಅಂತ ಗೊತ್ತಿರೋನು" ಅಂತಾರೆ. ಕುಣಿಯೋರ ಕಾಲು ನೋಡಿ ಬಡಿಯಬೇಕು, ಸತ್ತ ಮನೆಯವರ ಮುಖ ನೋಡಿ ಬಡಿಯಬೇಕು. ಸಾವಿನ ಬಡಿತ ಬೇರೆ, ಮದುವೆಯದು ಬೇರೆ, ದೇವರ ಮುಂದಿನದು ಬೇರೆ, ಡಂಗೂರ ಸಾರೋದು ಬೇರೆ. ಮಲಗಿದಲ್ಲಿಂದಲೇ ಕೇಳಿ ಊರಲ್ಲಿ ಏನಾಯ್ತು ಅಂತ ಹೇಳಬಹುದಿತ್ತು.

೧೯೭೦ರ ದಶಕದಲ್ಲಿ ಜಾನ್ ಮಿಲ್ಲರ್ ಚೆರ್ನಾಫ್ ಅನ್ನೋ ಅಮೆರಿಕದವರು ಆಫ್ರಿಕಾದ ಘಾನಾ ದೇಶಕ್ಕೆ ಹೋಗಿ ಅಲ್ಲಿನ ಚರ್ಮವಾದ್ಯ ಕಲಿತರು. ೧೯೭೯ರಲ್ಲಿ ಅದರ ಬಗ್ಗೆ ಪುಸ್ತಕ ತಂದರು. ಅವರು ಹೇಳಿದ್ದೂ ಹೆಚ್ಚುಕಡಿಮೆ ನಮ್ಮ ಹಿರಿಯರ ಮಾತೇ. ಒಬ್ಬನ ಬಡಿತ ಒಂಟಿಯಾಗಿ ಕೇಳಿದರೆ ಬಡಕಲು, ಇನ್ನೊಬ್ಬನ ಬಡಿತದ ಎದುರಿಗೆ ನಿಂತಾಗಲೇ ಅದಕ್ಕೆ ಅರ್ಥ. ನಡುವೆ ಜಾಗ ಬಿಡೋದೇ ದೊಡ್ಡ ವಿದ್ಯೆ, ಆ ಜಾಗದಲ್ಲಿ ಕುಣಿಯೋನು ಕಾಲಿಡ್ತಾನೆ. ಹೀಗೆ ಬಡಿಯೋಕೆ ಕಲಿಯೋದು ಅಂದರೆ ನಾಲ್ಕು ಜನರ ಜೊತೆ ಹೇಗೆ ಇರಬೇಕು ಅಂತ ಕಲಿಯೋದು. ನೀತಿಯನ್ನು ಅಲ್ಲಿ ಪುರಾಣ ಓದಿ ಕಲಿಸಲ್ಲ, ಕೈಲಿ ಕಲಿಸ್ತಾರೆ. ಇದನ್ನು ಓದಿದಾಗ ನಮಗೆ ಖುಷಿಯಾದದ್ದು ನಿಜ. ನಮ್ಮ ತಾತಂದಿರು ಅದನ್ನೇ ಮಾಡಿದಾಗ ಅವರಿಗೆ ಸಿಕ್ಕಿದ ಹೆಸರೇನು, ಪುಸ್ತಕವಾದಾಗ ಅದಕ್ಕೆ ಸಿಕ್ಕ ಹೆಸರೇನು ಅಂತ ನೆನೆದು ಹೊಟ್ಟೆ ಉರಿದದ್ದೂ ನಿಜ.

ಈಗ ಹುಡುಗರ ಪ್ರಶ್ನೆಗೆ ಬರೋಣ. ತೊಗಲು ಮುಟ್ಟಿದ್ದಕ್ಕೇ ನಾವು ಕೀಳಾದೆವು, ತಮಟೆ ಬಡಿದಿದ್ದಕ್ಕೇ ಹೊರಗಾದೆವು ಅಂತಾರೆ. ಹಾಗಿದ್ದರೆ ತೊಗಲು ಮುಟ್ಟಿದ ಕಡೆಯೆಲ್ಲ ಕೀಳಾಗಬೇಕಿತ್ತು. ಘಾನಾದ ಅಕಾನ್ ಜನರಲ್ಲಿ ಅತುಂಪಾನ್ ಅಂತ ಜೋಡಿ ನಗಾರಿ ಇದೆ. ಒಂದರ ದನಿ ತಗ್ಗು, ಇನ್ನೊಂದರದು ಎತ್ತರ. ಅವರ ನುಡಿಯಲ್ಲಿ ದನಿ ಏರಿಳಿದರೆ ಅರ್ಥವೇ ಬದಲಾಗ್ತದೆ. ಹಾಗಾಗಿ ಆ ಜೋಡಿ ನಗಾರಿಯಲ್ಲಿ ಮಾತನ್ನೇ ಆಡ್ತಾರೆ. ದೊರೆಯ ವಂಶದ ಹೆಸರುಗಳು, ಹಿಂದೆ ನಡೆದದ್ದು, ಬಂದವರಿಗೆ ಸ್ವಾಗತ, ಎಲ್ಲ. ಅದನ್ನು ಬಡಿಯೋನು ದೊರೆಯ ಆಸ್ಥಾನದಲ್ಲಿ ನಿಲ್ಲೋ ತಿಳಿವಳಿಕಸ್ಥ. ತೊಗಲು ಅದೇ, ಕೋಲು ಅದೇ. ನಿಲ್ಲೋ ಜಾಗ ಬೇರೆ.

ಹಾಗಂತ ಆಫ್ರಿಕಾ ಅಂದರೆ ಸ್ವರ್ಗ ಅಂತ ಯಾರೂ ತಿಳೀಬೇಡಿ. ಮಾಲಿ ದೇಶದ ಮಾಂಡೆ ಜನರಲ್ಲಿ ಹಾಡುಗಾರರು, ಕಮ್ಮಾರರು, ಚರ್ಮದ ಕೆಲಸದವರು ಬೇರೆ ಬೇರೆ ಗುಂಪು. ಈ ಗುಂಪುಗಳಿಗೆಲ್ಲ ಸೇರಿ ಒಂದು ಹೆಸರು, ನ್ಯಾಮಕಾಲ. ಹುಟ್ಟಿನಿಂದಲೇ ಆ ಕೆಲಸ, ಮದುವೆ ತಮ್ಮ ತಮ್ಮಲ್ಲೇ. ಕುಲೀನರು ಹಾಡೋ ಹಾಗಿಲ್ಲ, ಹಾಡೋರಿಗೆ ಕುಲೀನರ ಮನೆ ಹೆಣ್ಣು ಸಿಗಲ್ಲ. ನಮಗೆ ಗುರುತು ಹಿಡಿಯೋಕೆ ಕಷ್ಟವೇ ಆಗದ ಮುಖ! ಜೇಲಿ ಅನ್ನೋ ಹಾಡುಗಾರ ರಾಜನ ಚರಿತ್ರೆಯನ್ನು ಬಾಯಲ್ಲಿ ಇಟ್ಟುಕೊಂಡಿರೋನು, ಅವನ ನಾಲಿಗೆಗೆ ರಾಜನೂ ಹೆದರಬೇಕು. ಹೆದರಿಕೆಯೂ ಇತ್ತು, ತಾತ್ಸಾರವೂ ಇತ್ತು. ಪಕ್ಕದ ಸೆನೆಗಲ್‌ನಲ್ಲಿ ಇಂಥ ಹಾಡುಗಾರರು ಸತ್ತರೆ ಮಣ್ಣಿಗೆ ಹಾಕ್ತಿರಲಿಲ್ಲ. ಅವರನ್ನು ಹೂಳಿದರೆ ಭೂಮಿ ಬಂಜೆಯಾಗ್ತದೆ ಅಂತ ನಂಬಿ ದೊಡ್ಡ ಬಾವೊಬಾಬ್ ಮರದ ಪೊಟರೆಯಲ್ಲಿ ಇಡ್ತಿದ್ದರು. ಬದುಕಿದ್ದಾಗ ಅವನ ಹಾಡು ಬೇಕು, ಸತ್ತಾಗ ಅವನಿಗೆ ಆರಡಿ ಮೂರಡಿ ನೆಲ ಬೇಡ. ಹೆಣ ಹೂಳೋಕೆ ಜಾಗ ಕೊಡಿ ಅಂತ ತಾಲ್ಲೂಕು ಕಚೇರಿ ಮುಂದೆ ಅರ್ಜಿ ಹಿಡಿದು ನಿಂತಿರೋ ನಮ್ಮ ಕೇರಿಗಳಿಗೆ ಈ ಕಥೆ ಬಿಡಿಸಿ ಹೇಳಬೇಕಾ?

ಸಮುದ್ರದ ಆಚೆ ಇನ್ನೊಂದು ನಡೆಯಿತು. ಆಫ್ರಿಕಾದಿಂದ ಹಿಡಿದು ತಂದ ಗುಲಾಮರು ೧೭೩೯ರಲ್ಲಿ ಅಮೆರಿಕದ ದಕ್ಷಿಣ ಕ್ಯಾರೊಲಿನಾದಲ್ಲಿ ದಂಗೆ ಎದ್ದರು, ಡೋಲು ಬಡಿಯುತ್ತ ಹೊರಟರು. ಮಾರನೇ ವರ್ಷ, ೧೭೪೦ರಲ್ಲಿ, ಒಡೆಯರು ಕಾನೂನು ತಂದು ಗುಲಾಮರು ಡೋಲು ಬಡಿಯೋದನ್ನೇ ನಿಷೇಧ ಮಾಡಿದರು. ಅಲ್ಲಿನ ಒಡೆಯ ಹೇಳಿದ, ಬಡಿದರೆ ಹೊಡೀತೀನಿ. ನಮ್ಮೂರ ಒಡೆಯ ಹೇಳಿದ, ಬಡಿಯದಿದ್ದರೆ ಹೊಡೀತೀನಿ. ಎರಡರಲ್ಲೂ ಕೋಲು ಯಾರ ಕೈಲಿತ್ತು ನೋಡಿ. ತಮಟೆ ಬಡಿಯೋದು ಅವಮಾನ ಅಲ್ಲ, ಬಿಡೋದೂ ಬಿಡುಗಡೆ ಅಲ್ಲ. ಇವತ್ತು ಬಡಿಯಲ್ಲ ಅನ್ನೋಕೆ ನಿನಗೆ ಧೈರ್ಯ ಇದೆಯಾ, ಅಂದರೆ ನಿನ್ನ ಮನೆಗೆ ಕಲ್ಲು ಬೀಳಲ್ಲವಾ, ನಾವು ಕೇಳೋದು ಇದನ್ನೇ.

ನಮ್ಮ ಕಡೆ ಅದು ಯಾವತ್ತೂ ಇಷ್ಟಪಟ್ಟು ಮಾಡಿದ ಕೆಲಸ ಆಗಿರಲಿಲ್ಲ. ತೋಟಿ, ತಳವಾರ, ನೀರಗಂಟಿ ಅಂತ ಹುಟ್ಟಿನ ಚಾಕರಿ. ಕೆರೆ ತೂಬು ಎತ್ತೋದು, ಹೆಣದ ಸುದ್ದಿ ಹೊತ್ತು ಹತ್ತು ಮೈಲಿ ನಡೆಯೋದು, ಸಾಹೇಬರು ಬಂದರೆ ಸಾಮಾನು ಹೊರೋದು, ಊರಿಗೆ ಡಂಗೂರ ಸಾರೋದು. ಇದಕ್ಕೆ ಸಿಕ್ಕಿದ್ದು ಸುಗ್ಗಿ ಕಾಲಕ್ಕೆ ಕಣದಲ್ಲಿ ಒಂದು ಮೊರ ರಾಗಿ, ಹಬ್ಬಕ್ಕೆ ಹಳೇ ಪಂಚೆ, ಕೆಲವು ಕಡೆ ಒಂದು ತುಂಡು ಇನಾಮ್ತಿ ನೆಲ. ಬಾಬಾಸಾಹೇಬರು ಇದರ ಗುಟ್ಟು ಕಂಡುಕೊಂಡಿದ್ದರು. ಮಹಾರ್ ವತನ್ ಅನ್ನೋದು ಹಗ್ಗ, ನೆಲ ಅಲ್ಲ ಅಂತ ತಿಳಿದೇ ೧೯೨೮ರಲ್ಲಿ ಮುಂಬಯಿ ಶಾಸನ ಸಭೆಯಲ್ಲಿ ಅದರ ವಿರುದ್ಧ ಮಸೂದೆ ತಂದರು. ನಮ್ಮ ರಾಜ್ಯದಲ್ಲಿ ಹಳ್ಳಿ ಹುದ್ದೆಗಳ ರದ್ದತಿ ಕಾನೂನು ಬಂದದ್ದು ೧೯೬೧ರಲ್ಲಿ. ವಂಶಪಾರಂಪರ್ಯದ ಚಾಕರಿ ಅವತ್ತಿಗೆ ಕಾಗದದಲ್ಲಿ ಹೋಯಿತು. ಜಾತ್ರೆ ಬಂದಾಗ ಮಾತ್ರ ಕೇರಿ ಬಾಗಿಲಿಗೆ ಆಳು ಬರೋದು ನಿಲ್ಲಲಿಲ್ಲ. ೧೯೮೯ರ ದೌರ್ಜನ್ಯ ತಡೆ ಕಾನೂನು, ಅದರ ೨೦೧೫ರ ತಿದ್ದುಪಡಿ ಇವುಗಳ ಪ್ರಕಾರ ಬಿಟ್ಟಿ ಚಾಕರಿಗೆ ಎಳೆಯೋದು, ಸತ್ತ ಪ್ರಾಣಿ ಹೊರಿಸೋದು, ಗುಂಡಿ ತೋಡಿಸೋದು, ಸಾಮಾಜಿಕ ಬಹಿಷ್ಕಾರ ಹಾಕೋದು ಎಲ್ಲ ಅಪರಾಧ. ಹುಡುಗರು ಈ ಸಾಲನ್ನು ಬಾಯಿಪಾಠ ಮಾಡಿಕೊಳ್ಳಲಿ. ತಮಟೆಯ ಗತ್ತಿಗಿಂತ ಇದೂ ಏನು ಕಡಿಮೆ ಇಲ್ಲ.

ಕಾನೂನು ಇದ್ದೂ ಏನಾಗ್ತದೆ ಅಂತ ಈ ಸೀಮೆಯವರಿಗೆ ಯಾರೂ ಕಲಿಸಬೇಕಾಗಿಲ್ಲ. ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ೨೦೦೦ನೇ ಇಸವಿ ಮಾರ್ಚ್ ೧೧ರಂದು ಏಳು ಜನ ದಲಿತರನ್ನು ಮನೆಯೊಳಗೆ ಕೂಡಿ ಸುಟ್ಟರು. ೨೦೦೬ರಲ್ಲಿ ವಿಚಾರಣಾ ನ್ಯಾಯಾಲಯ ಆರೋಪಿಗಳನ್ನು ಬಿಟ್ಟಿತು, ೨೦೧೪ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಸಾವಿಗೆ ತಮಟೆ ಬಡಿಯೋದು ನಮ್ಮ ಕೆಲಸ ಅಂತ ಊರು ಗೊತ್ತು ಮಾಡಿದೆಯಲ್ಲ, ಆ ಏಳು ಸಾವಿಗೆ ಊರಿನವರು ಎಷ್ಟು ಜನ ಬೀದಿಗೆ ಬಂದು ಎದೆ ಬಡಿದುಕೊಂಡರು?

ಇಲ್ಲಿ ಒಂದು ದೊಡ್ಡ ಮಾತು ನೋಡಬೇಕು. ಆಫ್ರಿಕಾದ ನೀತಿ ಅಂದ ತಕ್ಷಣ ಎಲ್ಲರೂ ಹೇಳೋದು ಉಬುಂಟು. ಮನುಷ್ಯ ಮನುಷ್ಯನಾಗೋದು ಬೇರೆ ಮನುಷ್ಯರಿಂದ ಅನ್ನೋದು ಅದರ ತಿರುಳು. ಹಾಡಿನಲ್ಲೂ ಅದೇ: ಒಬ್ಬ ಎತ್ತಿಕೊಡ್ತಾನೆ, ಎಲ್ಲರೂ ಸೊಲ್ಲು ಕೊಡ್ತಾರೆ, ನೋಡೋರು ಆಡೋರು ಅಂತ ಗೆರೆ ಇಲ್ಲ. ಕೇಳೋಕೆ ಚೆಂದ. ನಮ್ಮೂರ ದೊಡ್ಡೋರೂ ಜಾತ್ರೆ ಮೀಟಿಂಗ್‌ನಲ್ಲಿ ಇದೇ ಮಾತಾಡ್ತಾರೆ. "ಊರಂದ್ಮೇಲೆ ಎಲ್ಲಾ ಸೇರಿ ಮಾಡಬೇಕು ಕಣ್ರಯ್ಯ, ನೀವಿಲ್ಲದೆ ಜಾತ್ರೆ ಉಂಟಾ?" ಅಂತಾರೆ. ನಿಜವೇ, ನಾವಿಲ್ಲದೆ ತೇರು ಹೊರಡಲ್ಲ. ಆದರೆ ಆ 'ಎಲ್ಲಾ' ಅನ್ನೋ ಮಾತಿಗೆ ಎಷ್ಟು ಬಾಗಿಲು? ಊರ ಹೆಣ್ಣುಮಕ್ಕಳು ತಂಬಿಟ್ಟಿನ ದೀಪ ಹೊತ್ತು ಗುಡಿಗೆ ಹೋಗುವಾಗ ಮುಂದೆ ನಮ್ಮ ತಮಟೆ. ಗುಡಿ ಮೆಟ್ಟಿಲು ಬಂದ ಕೂಡಲೇ ತಮಟೆ ಪಕ್ಕಕ್ಕೆ ಸರಿಯಬೇಕು. ನಮ್ಮ ಹೆಣ್ಣುಮಕ್ಕಳ ದೀಪ ಕೊನೆಗೆ, ಬೇರೆ ಹೊತ್ತಿಗೆ, ಬೇರೆ ದಾರಿಯಲ್ಲಿ. ಕೂಡಿ ಬಾಳೋದು ನೀತಿ ಅಂತ ಒಪ್ಪಿದವರು ನಾವು. ಯಾರು ಕೂಡಿದ್ದಾರೆ, ಯಾರು ಹೊರಗಿದ್ದಾರೆ ಅಂತ ಎಣಿಸದೆ ಕೂಡು ಅನ್ನೋದು ಮೋಸ ಅಂತ ಕಂಡವರೂ ನಾವೇ. ತಮಟೆ ಗುಂಪಿನೊಳಗೆ ಒಬ್ಬರಿಗೊಬ್ಬರು ಜಾಗ ಬಿಡೋ ನೀತಿ ಇದೆ. ಆ ಗುಂಪನ್ನು ಕರೆಸಿಕೊಂಡ ಊರಿನಲ್ಲಿ ಅದು ಇಲ್ಲ.

ತತ್ವಪದದ ಮಾತೂ ಇಷ್ಟೇ. ನಮ್ಮ ಚಿಂತಾಮಣಿಯ ಕೈವಾರದ ತಾತಯ್ಯನವರು ತೆಲುಗು ಕನ್ನಡ ಎರಡರಲ್ಲೂ ಹಾಡು ಕಟ್ಟಿದವರು. ಈ ಸೀಮೆಯ ಕೇರಿಗಳಲ್ಲಿ ಏಕತಾರಿ ಹಿಡಿದು ರಾತ್ರಿಯಿಡೀ ಹಾಡೋ ತಾತಂದಿರನ್ನು ನಾವು ಕಂಡಿದ್ದೇವೆ. ದೇಹಕ್ಕೆ ಕುಲ ಎಲ್ಲಿದೆ ಅಂತ ಹಾಡ್ತಾರೆ, ಮೇಲ್ಜಾತಿಯೋರೂ ಬಂದು ಕೂತು ತಲೆದೂಗ್ತಾರೆ, ಕಣ್ಣಲ್ಲಿ ನೀರೂ ಹಾಕ್ತಾರೆ. ಸುಳ್ಳು ನೀರಲ್ಲ ಅದು. ಬೆಳಗ್ಗೆ ಹೋಟ್ಲಲ್ಲಿ ಅದೇ ತಾತನಿಗೆ ಹೊರಗಿನ ಲೋಟ. ಹಾಡಿಗೆ ಮನಸ್ಸು ಕರಗಿಸೋ ಶಕ್ತಿ ಇದೆ, ಲೋಟ ಬದಲಾಯಿಸೋ ಶಕ್ತಿ ತಾನಾಗೇ ಇಲ್ಲ. ಹಾಡಿನ ಬೆನ್ನಿಗೆ ಸಂಘಟನೆ ನಿಂತಾಗ ಮಾತ್ರ ಬಂತು.

ಅದು ಬಂದದ್ದನ್ನೂ ನಾವು ನೋಡಿದ್ದೇವಲ್ಲ. ೧೯೭೩ರಲ್ಲಿ ಬಸವಲಿಂಗಪ್ಪನವರ ಬೂಸಾ ಮಾತಿನ ಗಲಾಟೆ, ಆಮೇಲೆ ಪ್ರೊ. ಬಿ. ಕೃಷ್ಣಪ್ಪನವರು ಮುಂದೆ ನಿಂತು ಕಟ್ಟಿದ ದಲಿತ ಸಂಘರ್ಷ ಸಮಿತಿ. ೧೯೭೫ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು. ಕೇರಿಯ ಭಾಷೆ, ಕೇರಿಯ ಬೈಗುಳ, ಕೇರಿಯ ಹಸಿವು ಪುಸ್ತಕದಲ್ಲಿ ಬಂದವು. ಪುಸ್ತಕ ಓದೋಕೆ ಬಾರದವರ ಬಾಯಿಗೂ ಬಂದವು, ಯಾಕಂದರೆ ಹಾಡಿದರು, ತಮಟೆ ಕಟ್ಟಿಕೊಂಡು ಹಾಡಿದರು. ಕೋಲಾರದ ಪಿಚ್ಚಳ್ಳಿ ಶ್ರೀನಿವಾಸ, ಕೋಟಿಗಾನಹಳ್ಳಿ ರಾಮಯ್ಯ ಇವರೆಲ್ಲ ಈ ಮಣ್ಣಿನಿಂದಲೇ ಎದ್ದವರು. ರಾಮಯ್ಯನವರ ಆದಿಮದಲ್ಲಿ, ಕೋಲಾರದ ಬೆಟ್ಟದ ಮೇಲೆ, ಹುಣ್ಣಿಮೆ ರಾತ್ರಿ ಹಾಡು ಆಟ ನಡೆಸೋ ಪದ್ಧತಿಯನ್ನೇ ಬೆಳೆಸಿದರು. ಅದೇ ತಮಟೆ, ಅದೇ ಕೈ. ದೇವರ ಮುಂದೆ ಸರಿದು ನಿಂತಿದ್ದ ತಮಟೆ ತಾಲ್ಲೂಕು ಕಚೇರಿ ಬಾಗಿಲಲ್ಲಿ ಸರಿಯದೆ ನಿಂತಿತು. ಎಸೆದುಬಿಡಿ ಅನ್ನೋ ಹುಡುಗರು ಇದನ್ನು ಯೋಚಿಸಬೇಕು.

ಹಾಡುಗಾರರ ಧೈರ್ಯದ ಮಾತು ಬಂತು, ಇಬ್ಬರ ಹೆಸರು ಹೇಳಿ ಮುಂದೆ ಹೋಗ್ತೇವೆ. ನೈಜೀರಿಯಾದ ಫೆಲಾ ಕುಟಿ ಸಿಪಾಯಿಗಳನ್ನು ಅಣಕಿಸಿ ಹಾಡಿದ. ೧೯೭೭ರ ಫೆಬ್ರವರಿಯಲ್ಲಿ ಸೈನ್ಯ ನುಗ್ಗಿ ಲಾಗೋಸ್‌ನಲ್ಲಿದ್ದ ಅವನ ಮನೆ ಸುಟ್ಟಿತು, ಮುದಿ ತಾಯಿಯನ್ನು ಕಿಟಕಿಯಿಂದ ಎಸೆದರು, ಮರುವರ್ಷ ಆಕೆ ತೀರಿಕೊಂಡರು. ಜಿಂಬಾಬ್ವೆಯ ಥಾಮಸ್ ಮಪ್‌ಫುಮೊ ಹಿರಿಯರ ಪೂಜೆಯಲ್ಲಿ ನುಡಿಸೋ ಂಬಿರಾ ವಾದ್ಯದ ಗತ್ತನ್ನು ಗಿಟಾರಿಗೆ ತಂದು ಬಿಳಿಯರ ಸರ್ಕಾರದ ವಿರುದ್ಧ ಹಾಡಿದ, ಸೆರೆಗೆ ಹೋದ. ೧೯೮೦ರಲ್ಲಿ ಸ್ವಾತಂತ್ರ್ಯ ಬಂತು. ನಮ್ಮವರೇ ಗದ್ದುಗೆ ಏರಿದರಲ್ಲ ಅಂತ ಸುಮ್ಮನಾಗಲಿಲ್ಲ. ೧೯೮೯ರಲ್ಲಿ ಅವರ ಲಂಚಗುಳಿತನದ ಮೇಲೂ ಹಾಡಿದ, ಕೊನೆಗೆ ದೇಶ ಬಿಟ್ಟು ಹೋಗಬೇಕಾಯಿತು. ನಮ್ಮ ಜಾತಿಯೋನೇ ಎಂಎಲ್‌ಎ ಆದ ಅಂತ ಅವನ ಮೆರವಣಿಗೆಗೆ ಪುಕ್ಕಟೆ ತಮಟೆ ಬಡಿಯೋ ನಾವು ಈ ಎರಡನೆಯವನ ಕಥೆಯನ್ನು ಸ್ವಲ್ಪ ಜಾಸ್ತಿಯೇ ಕೇಳಬೇಕು.

ದುಡ್ಡಿನ ಮಾತನ್ನು ನಾಚಿಕೊಳ್ಳದೆ ಆಡೋಣ. ದಕ್ಷಿಣ ಆಫ್ರಿಕಾದಲ್ಲಿ ಸಾಲಮನ್ ಲಿಂಡಾ ಅನ್ನೋ ಜೂಲು ಹಾಡುಗಾರ ೧೯೩೯ರಲ್ಲಿ 'ಂಬೂಬೆ' ಅನ್ನೋ ಹಾಡನ್ನು ರೆಕಾರ್ಡ್ ಮಾಡಿದ. ಅದರ ಹಕ್ಕು ಹತ್ತು ಶಿಲಿಂಗಿಗೆ ಹೋಯಿತು. ಆ ರಾಗ ಅಮೆರಿಕಕ್ಕೆ ಹೋಗಿ ಬೇರೆ ಹೆಸರಲ್ಲಿ ಲೋಕವೆಲ್ಲ ಸುತ್ತಿತು, ಸಿನಿಮಾಕ್ಕೂ ಹೋಯಿತು, ಲಕ್ಷಾಂತರ ಡಾಲರ್ ತಂದಿತು. ಲಿಂಡಾ ೧೯೬೨ರಲ್ಲಿ ಬಡವನಾಗಿಯೇ ಸತ್ತ. ಹೆಣ್ಣುಮಕ್ಕಳು ಕೋರ್ಟಿಗೆ ಹೋಗಿ, ೨೦೦೬ರಲ್ಲಿ ರಾಜಿಯಾಗಿ, ಆಮೇಲೆ ಅವರಿಗೆ ಪಾಲು ಅಂತ ಸಿಕ್ಕಿತು. ನಮ್ಮದು ಹತ್ತು ಶಿಲಿಂಗೂ ಅಲ್ಲ. ಎರಡು ಪಾಕೀಟು ಸಾರಾಯಿ, ಒಂದು ಎಲೆ ಊಟ, ಅದೂ ಎಲ್ಲರೂ ಉಂಡ ಮೇಲೆ. ಆ ಸಾರಾಯಿ ಕೂಲಿ ಅಂತ ತಿಳಿದಿದ್ದೇವೆ. ಅದು ಕೂಲಿ ತಪ್ಪಿಸೋ ಉಪಾಯ. ಕುಡಿದವನಿಗೆ ಲೆಕ್ಕ ಕೇಳೋ ನಾಲಿಗೆ ಇರಲ್ಲ. ಮಾರನೇ ದಿನ "ಕುಡುಕ ನನ್ಮಕ್ಕಳು" ಅನ್ನೋ ಬಿರುದೂ ಅವರದೇ ಕಡೆಯಿಂದ. ಜಾತ್ರೆ ರಾತ್ರಿ ಗಂಡಸರು ಕುಡಿದು ಬಂದಾಗ ಕೇರಿಯ ಮನೆಗಳೊಳಗೆ ನಡೆಯೋ ಬಡಿತ ಬೇರೆ. ಅದರ ಸದ್ದು ಯಾವ ಜಾನಪದ ಪುಸ್ತಕದಲ್ಲೂ ಇಲ್ಲ, ಅಕ್ಕಂದಿರ ಬೆನ್ನ ಮೇಲಿದೆ.

ನಮ್ಮ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ೨೦೨೩ರಲ್ಲಿ ಪದ್ಮಶ್ರೀ ಬಂತು, ಇದೇ ತಮಟೆಗಾಗಿ. ಕೇರಿಗಳಲ್ಲಿ ಅವತ್ತು ನಿಜವಾಗಿ ಹಬ್ಬ. ಒಬ್ಬ ಹಿರಿಯರು ಕೇಳಿದರು, "ತಮಟೆಗೂ ಪದವಿ ಕೊಡ್ತಾರಾ?" ಅಂತ. ಆ ಪ್ರಶ್ನೆಯಲ್ಲೇ ಎಷ್ಟು ವರ್ಷದ ಕಥೆ ಇದೆ ನೋಡಿ. ಅದೇ ವರ್ಷದ ಪಟ್ಟಿಯಲ್ಲಿ ಗುಜರಾತಿನ ಸಿದ್ದಿ ಹೆಣ್ಣುಮಗಳು ಹೀರಾಬಾಯಿ ಲೋಬಿ ಅವರ ಹೆಸರೂ ಇತ್ತು, ತಮ್ಮ ಜನರ ಮಕ್ಕಳಿಗೆ ಹೆಂಗಸರಿಗೆ ಮಾಡಿದ ಕೆಲಸಕ್ಕಾಗಿ. ಸಿದ್ದಿಗಳು ಅಂದರೆ ಆಫ್ರಿಕಾದಿಂದ ಗುಲಾಮರಾಗಿ ಬಂದವರ ಮಕ್ಕಳು ಮೊಮ್ಮಕ್ಕಳು. ನಮ್ಮ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡು ಕಾಡುಗಳಲ್ಲೂ ಇದ್ದಾರೆ. ಕೊಂಕಣಿ ಆಡ್ತಾರೆ. ಅವರ ಡಮಾಮಿ ಅನ್ನೋ ಚರ್ಮವಾದ್ಯ ಕೂರಿಸಿಕೊಂಡು ಬಡಿಯೋದು. ಅವರಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರೈಸ್ತರಿದ್ದಾರೆ. ಡಮಾಮಿ ಸದ್ದಿಗೆ ಮೂರೂ ಮನೆಯವರು ಒಟ್ಟಿಗೆ ಕುಣೀತಾರೆ, ಹೆಂಗಸರೂ ಸಮಸಮಕ್ಕೆ. ದೇಶ ಕಳಕೊಂಡರು, ನುಡಿ ಕಳಕೊಂಡರು, ದೇವರೂ ಬೇರೆಯಾದ. ಬಡಿತವನ್ನು ಮಾತ್ರ ಯಾರೂ ಕಸಿಯಲಿಲ್ಲ, ಯಾಕಂದರೆ ಅವರು ಅದನ್ನು ತಮಗಾಗಿ ಬಡಿದುಕೊಂಡರು. ಕರ್ನಾಟಕದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ಜಾಗ ಸಿಕ್ಕಿದ್ದು ೨೦೦೩ರಲ್ಲಿ. ಅವರ ಕುಣಿತ ಮಾತ್ರ ಉತ್ಸವಗಳ ವೇದಿಕೆ ಮೇಲೆ ಎಲ್ಲರಿಗೂ ಪರಿಚಯ.

ವೇದಿಕೆ ಅಂದಾಗ ಇನ್ನೊಂದು ಮಾತು. ಈಗ ಪಟ್ಟಣದ ಮೇಲ್ಜಾತಿ ಹುಡುಗ ಹುಡುಗಿಯರು ಶಿಬಿರಕ್ಕೆ ಬಂದು ತಮಟೆ ಕಲೀತಾರೆ. ಮಾಲಿಯ ಸಲೀಫ್ ಕೀಟಾ ನೆನಪಾಗ್ತಾನೆ. ೧೯೪೯ರಲ್ಲಿ ಹುಟ್ಟಿದವನು, ಮಾಲಿ ಸಾಮ್ರಾಜ್ಯ ಕಟ್ಟಿದ ಸುಂಜಾಟನ ವಂಶ. ಕುಲೀನ ಹಾಡಬಾರದು ಅಂತ ಮನೆಯವರು ಒಪ್ಪಲಿಲ್ಲ. ಕಟ್ಟು ಮುರಿದು ಬಮಾಕೊಗೆ ಹೋಗಿ ಬ್ಯಾಂಡಿನಲ್ಲಿ ಹಾಡಿದ, ಲೋಕದಲ್ಲೇ ಹೆಸರಾದ. ಗಟ್ಟಿ ಮನುಷ್ಯ, ಅನುಮಾನ ಇಲ್ಲ. ಮೇಲಿನವನು ಕೆಳಗಿಳಿದು ಹಾಡಿದರೆ ಕ್ರಾಂತಿ ಅಂತಾರೆ, ಕೆಳಗಿನವನು ಇದ್ದಲ್ಲೇ ಹಾಡಿದರೆ ಕುಲಕಸುಬು ಅಂತಾರೆ, ಇದು ಅಲ್ಲೂ ಇಲ್ಲೂ ಒಂದೇ. ಪಟ್ಟಣದ ಮಕ್ಕಳು ಕಲೀಲಿ, ನಮಗೆ ಸಂತೋಷ. ಕಲಿತ ಮೇಲೆ ನಮ್ಮ ಕೇರಿಯ ಒಂದು ಸಾವಿಗೆ ಬಂದು ಬೆಳಗಿನವರೆಗೆ ಬಡಿದುಕೊಡಿ ಅಂತ ಕೇಳೋಣ. ಎಷ್ಟು ಜನ ಬಸ್ಸು ಹತ್ತಿ ಬರ್ತಾರೋ ನೋಡೋಣ.

ಸರಿ, ಏನು ಮಾಡೋದು? ಕೇರಿಗಳಲ್ಲಿ ಮಾತಾಡಿ ಒಪ್ಪಿದ್ದನ್ನು ಇಲ್ಲಿ ಮುಂದಿಡ್ತೇವೆ, ತಿದ್ದೋರು ತಿದ್ದಿ. ಗುಡಿಯ ಬಾಗಿಲು ನಮಗೆ ಮುಚ್ಚಿರೋ ಊರಿನ ಜಾತ್ರೆಗೆ ತಮಟೆ ಇಲ್ಲ. ಬಾಗಿಲು ತೆಗೆದರೆ, ನಮ್ಮ ಹೆಣ್ಣುಮಕ್ಕಳ ದೀಪ ಅದೇ ಸಾಲಿನಲ್ಲಿ ನಡೆದರೆ, ಬಡಿಯೋಣ, ಮೈಮರೆತು ಬಡಿಯೋಣ. ಹೊರಗಿನ ಕೆಲಸಕ್ಕೆ ಕರೆದರೆ ಕೂಲಿಯನ್ನು ಮೊದಲೇ ಗೊತ್ತುಮಾಡಿ, ಕಾಗದದಲ್ಲಿ ಬರೆಸಿ, ಅರ್ಧ ಮುಂಗಡ ಇಸ್ಕೊಬೇಕು. ಸಾರಾಯಿ ಕೂಲಿ ಅಲ್ಲ. ಒಂದು ತಂಡ ಒಪ್ಪದ ಕೆಲಸಕ್ಕೆ ಪಕ್ಕದೂರಿನ ತಂಡ ಕಡಿಮೆ ದುಡ್ಡಿಗೆ ಹೋಗಬಾರದು. ಇದೇ ಕಷ್ಟದ್ದು, ಗೊತ್ತು. ರೇಷ್ಮೆ ಗೂಡಿನ ಮಾರ್ಕೆಟ್ಟಿನಲ್ಲಿ ಕೂಲಿ ಇಲ್ಲದ ವಾರ ಯಾರ ಮನೇಲಿ ಒಲೆ ಉರಿಯಲ್ಲವೋ ಅವನೇ ಮೊದಲು ಹೋಗ್ತಾನೆ. ಹಾಗಾಗಿ ಆ ವಾರ ಅವನ ಮನೆ ಒಲೆ ಉರಿಸೋದು ಉಳಿದವರ ಕೆಲಸ. ಅದಕ್ಕೆ ಒಂದು ಡಬ್ಬಿ ಇಡೋಣ ಅಂತ ಅಕ್ಕಂದಿರೇ ಹೇಳಿದ್ದಾರೆ, ಡಬ್ಬಿ ಅವರ ಕೈಲೇ ಇರಲಿ.

ಸಾವಿನ ವಿಷಯದಲ್ಲಿ ನಮ್ಮಲ್ಲೇ ಒಮ್ಮತ ಬಂದಿಲ್ಲ. ಊರಿನ ಯಾವ ಜಾತಿಯವರ ಸಾವಿಗೂ ಬಡಿಯೋದು ಬೇಡ ಅಂತ ಹುಡುಗರು. "ಹೆಣದ ಮೇಲೆ ಏನಪ್ಪ ಹಗೆ?" ಅಂತ ಹಿರಿಯರು. ಇದನ್ನು ಇವತ್ತೇ ತೀರ್ಮಾನ ಮಾಡಬೇಕು ಅಂತ ನಮಗೆ ಅನ್ನಿಸಲ್ಲ. ಆದರೆ ಕರೆದವರ ಮನೆಯವರೇ ಕೇರಿಗೆ ಬಂದು, ಹೊಸ್ತಿಲ ಮುಂದೆ ನಿಂತು, ಹೆಸರು ಹಿಡಿದು ಮರ್ಯಾದೆಯಿಂದ ಕರೆಯಬೇಕು, ಆಳಿನ ಕೈಲಿ ಹೇಳಿಕಳಿಸಿದರೆ ಇಲ್ಲ ಅನ್ನೋದಕ್ಕೆ ಇಬ್ಬರೂ ತಲೆಯಾಡಿಸಿದರು. ನಮ್ಮ ಕೇರಿಯ ಸಾವುಗಳಿಗೆ ಮಾತ್ರ ಪೂರ್ತಿ ತಂಡ, ಪೂರ್ತಿ ರಾತ್ರಿ, ಬಡವರು ಉಳ್ಳವರು ಅನ್ನದೆ. ಹೊಲೆಯರ ಸಾವಿಗೆ ಮಾದಿಗರು, ಮಾದಿಗರ ಸಾವಿಗೆ ಹೊಲೆಯರು ಬರಬೇಕು ಅನ್ನೋದನ್ನೂ ಸೇರಿಸಿ. ಈ ಮಾತು ಬಂದಾಗ ಮೀಟಿಂಗ್ ಸ್ವಲ್ಪ ಹೊತ್ತು ತಣ್ಣಗಾಯಿತು, ಅದನ್ನೂ ಮುಚ್ಚಿಡಲ್ಲ.

ಹೆಣ್ಣುಮಕ್ಕಳು ತಮಟೆ ಕಲಿಯೋ ವಿಷಯ. ಬಿಹಾರದಲ್ಲಿ ಪಟ್ನಾ ಪಕ್ಕ ದಲಿತ ಹೆಂಗಸರೇ ಸೇರಿ ಬ್ಯಾಂಡ್ ಕಟ್ಟಿ ಮದುವೆಗಳಿಗೆ ಹೋಗ್ತಾರೆ, ಅವರ ದುಡಿಮೆ ಅವರ ಕೈಗೆ. ಇಲ್ಲಿ ಹೈಸ್ಕೂಲಿನ ನಾಲ್ಕು ಹುಡುಗಿಯರು ಕಲೀತೇವೆ ಅಂದಿದ್ದಾರೆ. "ಹೆಣ್ಣು ತೊಗಲು ಮುಟ್ಟಬಾರದು" ಅಂದವರೊಬ್ಬರಿಗೆ ಅದರಲ್ಲಿ ಒಬ್ಬಳು, "ಮಾವ, ಸಗಣಿ ಮುಟ್ಟಬಹುದು, ನಿಮ್ಮ ಎಂಜಲು ತಟ್ಟೆ ಮುಟ್ಟಬಹುದು, ಇದನ್ಯಾಕೆ ಮುಟ್ಟಬಾರದು?" ಅಂದಳು. ಅವರು ಎದ್ದುಹೋದರು, ಆದರೆ ಸಂಜೆಗೆ ತಮ್ಮ ಹಳೇ ತಮಟೆಯನ್ನೇ ಕಳಿಸಿಕೊಟ್ಟರು. ಬಳೆ ಬಿರಿದಿದೆ, ಕಮ್ಮಾರರ ಹತ್ರ ಕೊಟ್ಟಿದ್ದೇವೆ. ಮುಂದಿನ ಭಾನುವಾರದಿಂದ ಸಂಜೆ ಶಾಲೆ ಮೈದಾನದಲ್ಲಿ ಕಲಿಕೆ ಶುರು. ತಮಟೆ ಇರೋರು ತನ್ನಿ, ಇಲ್ಲದೋರು ಬರೀ ಕೈಲಿ ಬನ್ನಿ. ಬರುವಾಗ ಒಂದು ಹಿಡಿ ಒಣಹುಲ್ಲು ಮರೆಯಬೇಡಿ.

ಜೈ ಭೀಮ್.